ತುಂಗೆಯಿಂದ ಭದ್ರೆಗೆ ಒಂದು ಕಟ್ಟು ಕಾಗದ

ಶನಿವಾರ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿ, ಒಂದು ಕಟ್ಟು ಕಾಗದವನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗ ಬಸ್ ನಿಲ್ದಾಣಕ್ಕೆ ಹೊರಟೆ. ಭದ್ರಾವತಿಗೆ ಹೋಗುವ ಬಸ್ಸಿಗೆ ಕಾಯಬೇಕಾಗಿಲ್ಲ. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಇರುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರ್ ನೋಡಿ, "ಮೇಲಿಡಿ ಮೇಡಂ, ಭಾರ ಯಾಕೆ?" ಅಂದರು. ಭಾರವೇನೂ ಇರಲಿಲ್ಲ, ಮೂವತ್ತೊಂದು ಹಾಳೆ ಅಷ್ಟೆ. ಆದರೂ ಕೈಬಿಡಲು ಮನಸ್ಸಾಗಲಿಲ್ಲ.

ನಮ್ಮ ಕಡೆ 'ಕಾಗದ' ಅಂದರೆ ಪೇಪರೂ ಹೌದು, ಪತ್ರವೂ ಹೌದು. ನನ್ನ ಚೀಲದಲ್ಲಿದ್ದದ್ದು ಎರಡೂ. ನಮ್ಮ ಐದನೇ ತರಗತಿಯ ಮೂವತ್ತೊಂದು ಮಕ್ಕಳು ಭದ್ರಾವತಿಯ ಒಂದು ಶಾಲೆಯ ಐದನೇ ತರಗತಿಗೆ ಬರೆದ ಕಾಗದಗಳು ಅವು. ಹೋಗುತ್ತಿದ್ದುದೂ ಕಾಗದದ ಊರಿಗೇ.

ಬಸ್ಸು ಹೋಗುವುದು ಬಿ.ಎಚ್. ರಸ್ತೆಯಲ್ಲಿ. ಬೆಂಗಳೂರು–ಹೊನ್ನಾವರ ರಸ್ತೆ ಎನ್ನುವುದರ ಮೊಟಕು ಹೆಸರು ಅದು. ಎರಡೂ ಊರಿನ ಮಕ್ಕಳು ದಿನಾ ಈ ಹೆಸರನ್ನು ಹೇಳುತ್ತಾರೆ, ಆದರೆ ಬಿ ಎಂದರೆ ಭದ್ರಾವತಿ ಅಂದುಕೊಂಡವರೇ ಹೆಚ್ಚು. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿದರೆ ಭದ್ರಾವತಿ ಬಂದೇಬಿಟ್ಟಿತು. ಇಷ್ಟು ಹತ್ತಿರದ ಊರನ್ನು ನನ್ನ ತರಗತಿಯ ಅರ್ಧ ಮಕ್ಕಳು ನೋಡಿರಲಿಲ್ಲ. ಒಬ್ಬ ಹುಡುಗ ಮಾತ್ರ ಅಲ್ಲಿಂದಲೇ ಬಂದವನು. ಅವನ ವಿಷಯ ಆಮೇಲೆ ಹೇಳುತ್ತೇನೆ.

ಈ ಕಾಗದದ ಓಡಾಟ ಯಾಕೆ ಶುರುವಾಯಿತು ಅನ್ನುವುದನ್ನು ಮೊದಲು ಹೇಳಬೇಕು. ಆ ವರ್ಷ ಜೂನ್‌ನಲ್ಲಿ ಐದನೇ ತರಗತಿ ನನ್ನ ಪಾಲಿಗೆ ಬಂದಾಗ ಅದು ತರಗತಿಯೇ ಆಗಿರಲಿಲ್ಲ, ಒಂದೇ ಕೋಣೆಯಲ್ಲಿ ಕುಳಿತ ಮೂವತ್ತೊಂದು ಜನ. ಮನೆಯಲ್ಲಿ ಕನ್ನಡ, ಉರ್ದು, ತಮಿಳು, ಲಂಬಾಣಿ. ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳದು ಬೇರೆಯೇ ಕನ್ನಡ. ಒಬ್ಬರ ರಬ್ಬರ್ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನಲಿ-ಕಲಿಯಲ್ಲಿ ಮೂರನೇ ತರಗತಿಯವರೆಗೆ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತು ಕಲಿತ ಮಕ್ಕಳೇ ಇವರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ಪದ್ಧತಿ ಅದು. ನಾಲ್ಕಕ್ಕೆ ಬಂದು ಬೆಂಚು ಏರಿದೊಡನೆ ಒಬ್ಬೊಬ್ಬರೂ ಬೇರೆಯಾಗಿಬಿಡುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಓದುವ ಪಾಳಿ. ಒಬ್ಬರು ಎದ್ದು ನಿಂತು ಪಾಠ ಓದುವಾಗ ಉಳಿದ ಮೂವತ್ತು ಜನ ಕೇಳುತ್ತಿರಲಿಲ್ಲ, ಕಾಯುತ್ತಿದ್ದರು. ಯಾವಾಗ ತಪ್ಪುತ್ತಾನೆ, ಯಾವಾಗ ನಗಬಹುದು ಎಂದು. ಒತ್ತಕ್ಷರ ಬಂದಲ್ಲಿ ನಾಲಿಗೆ ತಡವರಿಸಿದರೆ ಸಾಕು, ಕಿಸಕ್. ಒಂದು ವಾರ ನೋಡಿದೆ. ಆಮೇಲೆ ಪಾಳಿಯನ್ನೇ ನಿಲ್ಲಿಸಿಬಿಟ್ಟೆ.

ಅದರ ಬದಲು ಮಾಡಿದ್ದು ತೀರಾ ಸಾದಾ ಕೆಲಸ. ಹಳೇ ಕ್ಯಾಲೆಂಡರುಗಳ ಬೆನ್ನಿನಲ್ಲಿ ಒಂದು ಕಥೆಯನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದೆ. ಎಲ್ಲರೂ ನೆಲದ ಮೇಲೆ. ನಾನು ಕೋಲು ಹಿಡಿದು ಪದದ ಕೆಳಗೆ ಓಡಿಸುತ್ತಾ ಓದುತ್ತೇನೆ, ಅವರೂ ನನ್ನ ಜೊತೆಗೇ ಓದುತ್ತಾರೆ. ಮತ್ತೆ ಮತ್ತೆ ಬರುವ ಸಾಲು ಅವರದು, ಉಳಿದದ್ದು ನನ್ನದು. ಮೂವತ್ತೊಂದು ದನಿಯ ನಡುವೆ ಯಾರದು ತಪ್ಪಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಓದಲು ಬಾರದವನೂ ಬಾಯಿ ಆಡಿಸುತ್ತಾನೆ. ನಾಲ್ಕನೇ ದಿನಕ್ಕೆ ಬಾಯಿಯ ಜೊತೆಗೆ ಕಣ್ಣೂ ಓಡುತ್ತದೆ. ಹೀಗೆ ಹದಿನೈದು ದಿನ. ಆಮೇಲೆ ಇಬ್ಬಿಬ್ಬರು ಒಂದೇ ಪುಸ್ತಕ ಹಿಡಿದು ಓದುವುದು. ಮೂರನೆಯದಾಗಿ ಮೇಜಿನ ಮೇಲೆ ಒಂದು ಬೂಟಿನ ಡಬ್ಬ ಇಟ್ಟೆ. ಏನು ಬೇಕಾದರೂ ಬರೆದು ಹಾಕಬಹುದು, ಹೆಸರು ಬರೆಯುವುದು ಅವರವರ ಇಷ್ಟ. ಶುಕ್ರವಾರ ಡಬ್ಬ ತೆರೆದು ಓದುತ್ತೇವೆ. ಕೇಳಿದವರು 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಅನ್ನುವ ಹಾಗಿಲ್ಲ, ಒಂದು ಪ್ರಶ್ನೆ ಕೇಳಬೇಕು. ಇಷ್ಟೇ ಕಾನೂನು.

ಮೊದಲ ವಾರ ಡಬ್ಬದಲ್ಲಿ ಮೂರು ಚೀಟಿ, ಎರಡು ಚಾಡಿ. ಹೀಗೂ ಆಗುತ್ತದೆ!

ಭದ್ರಾವತಿಯಲ್ಲಿ ಪಾಠ ಮಾಡುವ ನನ್ನ ಡಿ.ಎಡ್. ಗೆಳತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವಳು, "ನೋಡೇ, ನಿನ್ನ ಮಕ್ಕಳು ನಿನಗಾಗಿ ಬರೆದರೆ ಏನು ಬರೆಯುತ್ತಾರೆ? ನಿನಗೆ ಎಲ್ಲ ಗೊತ್ತಿದೆ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಬರೆಸು. ನಮ್ಮ ಮಕ್ಕಳಿಗೆ ಬರೆಸು" ಅಂದಳು. ಅವಳಿಗೆ ಈ ಯೋಚನೆ ಬಂದದ್ದು ಫ್ರಾನ್ಸಿನ ಸೆಲೆಸ್ತ್ಯಾಂ ಫ್ರೆನೆ ಎಂಬ ಹಳ್ಳಿ ಮೇಷ್ಟ್ರಿಂದ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಅವರಿಗೆ ತರಗತಿಯಲ್ಲಿ ಹೆಚ್ಚು ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಕಂಡದ್ದನ್ನು ಅವರಿಂದಲೇ ಬರೆಸಿದರು. 1924ರಲ್ಲಿ ಒಂದು ಪುಟ್ಟ ಅಚ್ಚಿನ ಯಂತ್ರ ತಂದು ತರಗತಿಯಲ್ಲೇ ಇಟ್ಟರು. ಮಕ್ಕಳು ಬರೆದದ್ದನ್ನು ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕಿ, ದೇಶದ ಇನ್ನೊಂದು ತುದಿಯ ಕಡಲ ತೀರದ ಶಾಲೆಗೆ ಕಳಿಸುತ್ತಿದ್ದರು. ನಮ್ಮ ಹತ್ತಿರ ಅಚ್ಚಿನ ಯಂತ್ರ ಇರಲಿಲ್ಲ, ಬಿ.ಎಚ್. ರಸ್ತೆ ಇತ್ತು.

ಮೊದಲ ಕಟ್ಟು ತಲುಪಿದ ವಾರಕ್ಕೆ ಭದ್ರಾವತಿಯಿಂದ ಉತ್ತರ ಬಂತು. ಒಂದು ಹುಡುಗಿ ಬರೆದಿದ್ದಳು: "ನಿಮ್ಮ ಕಾಗದಗಳನ್ನೆಲ್ಲ ಒಬ್ಬರೇ ಬರೆದಿದ್ದೀರಾ? ಎಲ್ಲದರಲ್ಲೂ ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು ಅಂತ ಇದೆ. ಬಾಗಿಲ ಒಳಗೆ ಏನಿದೆ?"

ನನಗೆ ಮುಖ ಕೆಂಪಾಯಿತು. ಆ ಸಾಲನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟವಳು ನಾನೇ. ಮಕ್ಕಳಿಗೆ ಮಾತ್ರ ರೋಷ ಬಂತು. ಒಳ್ಳೆಯದೇ ಆಯಿತು. "ಮಿಸ್, ಅವರಿಗೆ ನಮ್ಮ ಮಂಟಪ ಗೊತ್ತಿಲ್ವಂತೆ!" ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ನದಿಯೊಳಗೆ ನಿಂತಿರುವ ಕಲ್ಲು ಮಂಟಪ ಅದು. ಮಳೆಗಾಲದಲ್ಲಿ ಶಿವಮೊಗ್ಗದವರು ಹೊಳೆಯ ನೀರನ್ನು ಅಳೆಯುವುದು ಅಡಿಯಲ್ಲಲ್ಲ, ಮಂಟಪದಲ್ಲಿ. ಕಾಲು ಮುಳುಗಿತಂತೆ, ಅರ್ಧ ಮುಳುಗಿತಂತೆ, ಪೂರಾ ಮುಳುಗಿತಂತೆ. ಮುಳುಗಿದ ದಿನ ಛತ್ರಿ ಹಿಡಿದು ನೋಡಲು ಹೋಗುವುದು ಒಂದು ಹಬ್ಬ. ಎರಡನೇ ಕಟ್ಟಿನಲ್ಲಿ ಹನ್ನೆರಡು ಮಂಟಪಗಳಿದ್ದವು, ಒಂದೊಂದೂ ಬೇರೆ. ಒಬ್ಬ ತನ್ನ ತಾತನ ಭುಜದ ಮೇಲೆ ಕುಳಿತು ನೋಡಿದ್ದು ಬರೆದ. ಇನ್ನೊಬ್ಬಳು, ಮಂಟಪ ಮುಳುಗಿದರೆ ಹೊಳೆ ಪಕ್ಕದ ತಮ್ಮ ಮನೆಯಲ್ಲಿ ಅಕ್ಕಿ ಚೀಲವನ್ನು ಮಂಚದ ಮೇಲೆ ಇಡುತ್ತಾರೆ, ಅಮ್ಮ ರಾತ್ರಿ ನಿದ್ದೆ ಮಾಡುವುದಿಲ್ಲ ಎಂದು ಬರೆದಳು. ಹಬ್ಬ ನೋಡಲು ಹೋಗುತ್ತಿದ್ದವರು ಅವಳ ಕಾಗದ ಓದಿ ಸುಮ್ಮನಾದರು. ಎರಡು ಬೆಂಚು ಆಚೆ ಕೂರುವ ಹುಡುಗಿಯ ಮನೆಯ ಸುದ್ದಿ ನಮ್ಮ ತರಗತಿಗೆ ಗೊತ್ತಾದದ್ದು ಭದ್ರಾವತಿಗೆ ಬರೆದ ಕಾಗದದಿಂದ!

ಪ್ರತಿ ವಾರ ನಾನು ಹೋಗಲಾಗುತ್ತಿರಲಿಲ್ಲ. ಅದಕ್ಕೆ ಅಂಚೆ ಕಾರ್ಡು ತಂದೆವು. ಒಂದಕ್ಕೆ 50 ಪೈಸೆ. ಮೂವತ್ತೊಂದಕ್ಕೆ ಹದಿನೈದೂವರೆ ರೂಪಾಯಿ. ಐವತ್ತು ಪೈಸೆಗೆ ಈಗಲೂ ಏನಾದರೂ ಸಿಗುತ್ತದೆ ಎಂಬುದೇ ಮಕ್ಕಳಿಗೆ ದೊಡ್ಡ ಸುದ್ದಿ. ವಿಳಾಸ ಬರೆಯುವಾಗ ಒಬ್ಬ ಕೂಗಿದ: "ಮಿಸ್, ನಮ್ಮದು 577201, ಅವರದು 577301. ಒಂದೇ ಅಂಕಿ ಬೇರೆ!" ಅಂದಿನಿಂದ ನಮ್ಮ ಗೋಡೆ ಪತ್ರಿಕೆಗೆ '201' ಎಂದೂ ಅವರದಕ್ಕೆ '301' ಎಂದೂ ಹೆಸರು ಬಿತ್ತು.

ಭದ್ರಾವತಿಗೆ ನಾನು ಎರಡನೇ ಸಲ ಹೋದದ್ದು ಒಬ್ಬ ಅಜ್ಜನನ್ನು ನೋಡಲು. ಹೊಳೆ ದಾಟುವ ಸೇತುವೆಯಿಂದ ನೋಡಿದರೆ ಭದ್ರೆ ಊರನ್ನು ಸೀಳಿಕೊಂಡು ಹೋಗುತ್ತಾಳೆ. ಬೆಂಕೀಪುರ ಎಂದು ಹೆಸರಿದ್ದ ಊರು ಇದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇಲ್ಲಿದೆ. ಆದರೆ ಊರಿನ ಈಗಿನ ರೂಪ ಕಬ್ಬಿಣದ್ದು ಮತ್ತು ಕಾಗದದ್ದು. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಅದಕ್ಕೇ ಇಲ್ಲಿನ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಕೇಳಿಸುತ್ತದೆ. ಪೇಪರ್ ಟೌನ್ ಎಂದೇ ಒಂದು ಬಡಾವಣೆ. ಎಷ್ಟೋ ಕನ್ನಡ ಪತ್ರಿಕೆಗಳ ಪುಟಗಳು ಹಾಳೆಯಾಗಿ ಹುಟ್ಟಿದ್ದು ಇಲ್ಲಿ. ಈಗ ಕಾಗದದ ಯಂತ್ರಗಳು ನಿಂತು ವರ್ಷಗಳಾದವು.

ಅಜ್ಜ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗೆಳತಿಯ ತರಗತಿಯ ಒಂದು ಹುಡುಗಿಯ ತಾತ. ಅಂದು ಶಾಲೆಗೆ ಬಂದು ಮಕ್ಕಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತರು. ಕೈಯಲ್ಲಿ ಹಳೇ ದಿನಪತ್ರಿಕೆ. "ಇದನ್ನ ಮೇಲಿಂದ ಕೆಳಕ್ಕೆ ಹರೀರಿ" ಅಂದರು. ಸರ್ರನೆ ನೇರ ಹರಿಯಿತು. "ಈಗ ಅಡ್ಡ ಹರೀರಿ." ಸೊಟ್ಟ ಸೊಟ್ಟ! ಎಷ್ಟು ಹುಷಾರಾಗಿ ಹರಿದರೂ ಹಾಳೆ ಹಾವಿನ ಹಾಗೆ ಓಡಿತು. ತರಗತಿಯೆಲ್ಲ ಹರಿಯುವ ಸದ್ದು.

"ಯಾಕೆ ಹೇಳ್ರಿ? ಬಿದಿರನ್ನೋ ಕಬ್ಬಿನ ಸಿಪ್ಪೆಯನ್ನೋ ಬೇಯಿಸಿ ಅರೆದರೆ ಗಂಜಿ ಹಾಗೆ ಆಗುತ್ತೆ. ಅದರಲ್ಲಿ ಸಣ್ಣ ಸಣ್ಣ ನಾರು ಇರುತ್ತೆ. ಆ ಗಂಜಿ ಓಡೋ ಜರಡಿ ಮೇಲೆ ಬಿದ್ದಾಗ, ಜರಡಿ ಯಾವ ಕಡೆ ಓಡುತ್ತೋ ಹೆಚ್ಚಿನ ನಾರೆಲ್ಲ ಆ ಕಡೆಗೇ ಮಲಗುತ್ತೆ. ನಾರು ಮಲಗಿದ ಕಡೆ ಹರಿದರೆ ನೇರ. ಅಡ್ಡ ಹರಿದರೆ ಅದು ಬಿಟ್ಟುಕೊಡೋದಿಲ್ಲ." ಓದುಗರೇ, ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ನೀವೂ ಒಂದು ಹಳೇ ಪೇಪರ್ ಹರಿದು ನೋಡಿ. ಇದನ್ನಲ್ಲ!

ಅಜ್ಜ ಪುಸ್ತಕ ಹೊಲಿಯುವುದನ್ನೂ ಕಲಿಸಿದರು. ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ ಬರುವ ಹಾಗೆ ಹಾಳೆ ಮಡಿಸಬೇಕು, ಆಗ ಪುಸ್ತಕ ಅಗಲವಾಗಿ ತೆರೆದು ಕೂರುತ್ತದೆ, ಇಲ್ಲದಿದ್ದರೆ ಮುಚ್ಚಿಕೊಳ್ಳಲು ಹಟ ಮಾಡುತ್ತದೆ. ಒಂದು ಬದಿ ಮಾತ್ರ ಅಚ್ಚಾದ ಹಾಳೆಗಳನ್ನು ಹಾಗೆ ಮಡಿಸಿ, ದಾರ ಮೇಣದಲ್ಲಿ ಎಳೆದು, ಮೂರು ತೂತಿನಲ್ಲಿ ಹೊಲಿದೆವು. ಎರಡೂ ತರಗತಿಗೆ ಸೇರಿದ ಕಥೆ ಪುಸ್ತಕ ಅದು. ಒಂದು ವಾರ 201ರಲ್ಲಿ, ಒಂದು ವಾರ 301ರಲ್ಲಿ. ಅವರು ಬರೆದ ಕಡೆಯಿಂದ ಇವರು ಮುಂದುವರಿಸಬೇಕು.

ಕಥೆ ಎಲ್ಲಿಂದ ಶುರು ಮಾಡುವುದು? ಎರಡೂ ತರಗತಿ ಆಗ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಕೂಡಿ ಓದುತ್ತಿದ್ದವು. ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಕವನದ ಜಾಡಿನಲ್ಲಿ ಹುಟ್ಟಿದ್ದು ಅದು. ಆದರೆ ಜರ್ಮನಿಯ ಹ್ಯಾಮೆಲಿನ್ ಊರನ್ನು ಕುವೆಂಪು ತುಂಗಾ ತೀರಕ್ಕೆ ತಂದು ಕೂರಿಸಿದರು. ನಮ್ಮ ಮಕ್ಕಳಿಗೆ ಇದರಿಂದ ಬಹಳ ಜಂಬ. ಅದಕ್ಕೆ ಭದ್ರಾವತಿಯಿಂದ ಕಾರ್ಡು ಬಂತು: "ಇಲಿಗಳು ಮುಳುಗಿ ಸತ್ತಿದ್ದು ನಿಮ್ಮ ತುಂಗೆಯಲ್ಲಿ. ಕೂಡ್ಲಿಯಲ್ಲಿ ಅದನ್ನು ನಮ್ಮ ಭದ್ರೆಗೂ ಸೇರಿಸಿದ್ದೀರಿ. ಇದು ಸರಿಯಾ?"

ಜೋಗಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋದ ಮೇಲೆ ಊರಿನಲ್ಲಿ ಒಬ್ಬ ಉಳಿಯುತ್ತಾನೆ, ಓಡಲಾರದ ಕುಂಟ ಹುಡುಗ. ಅವನು ಮಾರನೇ ದಿನ ಏನು ಮಾಡಿದ? ನಮ್ಮ ಕಥೆ ಅಲ್ಲಿಂದ.

ಚೀಟಿಗಳು ಡಬ್ಬದಲ್ಲಿ ತುಂಬಿದವು. ಅವನು ಬೆಟ್ಟಕ್ಕೆ ಸುರಂಗ ಕೊರೆದ. ಡ್ರೋನ್ ಹಾರಿಸಿದ. ಸಕ್ರೆಬೈಲಿನಿಂದ ಆನೆ ತಂದು ಬಾಗಿಲು ಒಡೆಸಿದ. ಶುಕ್ರವಾರ ಒಂದೊಂದಾಗಿ ಓದುತ್ತಾ ಹೋದೆವು, ನಗು. ಕೊನೆಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಹೆಸರಿಲ್ಲ. ಆದರೆ ಆ ಒತ್ತಿ ಬರೆದ ಅಕ್ಷರ ನನಗೆ ಗೊತ್ತಿತ್ತು.

ಈಗ ಆ ಹುಡುಗನ ವಿಷಯ. ನೀಲಿ ಸ್ವೆಟರ್ ಹುಡುಗ ಎನ್ನೋಣ, ಬೇಸಿಗೆಯಲ್ಲೂ ಅದನ್ನು ಬಿಡುತ್ತಿರಲಿಲ್ಲ. ಭದ್ರಾವತಿಯಲ್ಲಿ ಅಪ್ಪನ ಕೆಲಸ ಹೋದ ಮೇಲೆ ಶಿವಮೊಗ್ಗಕ್ಕೆ ಬಂದ ಮನೆ. ಮನೆಮಾತು ತಮಿಳು. ನಾಲ್ಕನೇ ತರಗತಿಯ ಮಧ್ಯದಲ್ಲಿ ಸೇರಿದವನು. ಹಿಂದಿನ ಬೆಂಚು, ಹಾಜರಿಗೆ ಒಂದು ಮಾತು ಬಿಟ್ಟರೆ ಇನ್ನೊಂದಿಲ್ಲ. ಮಕ್ಕಳು ಅವನನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, 'ಏ ಭದ್ರಾವತಿ' ಅನ್ನುತ್ತಿದ್ದರು. ಕಾಗದ ಬರೆಯುವ ಕೆಲಸದಲ್ಲಿ ಅವನಿಗೆ ಉತ್ಸಾಹ ಬರಬಹುದು ಎಂದು ನಾನು ಎಣಿಸಿದ್ದೆ. ಬರಲಿಲ್ಲ. "ಅವರು ನನ್ನ ಶಾಲೆಯವರಲ್ಲ ಮಿಸ್, ಅದು ಬೇರೆ ಶಾಲೆ" ಅಂದಿದ್ದ. ಒಮ್ಮೆ ಮಾತ್ರ, ಎರಡೂ ತರಗತಿ 'ನಮ್ಮೂರಿನ ಸದ್ದುಗಳು' ಬರೆಯುವಾಗ, ಹತ್ತಿರ ಬಂದು ಕೇಳಿದ: "ಅವರಿಗೆ ಸೈರನ್ ಕೇಳುತ್ತಾ ಅಂತ ಕೇಳ್ತೀರಾ?" ಕೇಳಿದೆ. ಉತ್ತರ ಬರುವ ಹೊತ್ತಿಗೆ ಅವನು ಮತ್ತೆ ಹಿಂದಿನ ಬೆಂಚಿನ ಮೌನಕ್ಕೆ ಹೋಗಿಬಿಟ್ಟಿದ್ದ.

ಚೀಟಿ ಬಿಡಿಸಿದವಳು ಆ ಮಂಟಪದ ಹುಡುಗಿ. ನಾನು ಅವನ ಕಡೆ ನೋಡಿದೆ. ಬೇಡ ಅನ್ನಲಿಲ್ಲ, ಮೇಜಿನ ಮೇಲೆ ಗೆರೆ ಎಳೆಯುತ್ತಿದ್ದ. ಅವಳು ಓದಿದಳು.

"ಮಾರನೇ ದಿನ ಅವನು ಶಾಲೆಗೆ ಹೋದ. ಮೇಷ್ಟ್ರು ಹಾಜರಿ ಕರೆದರು. ಎಲ್ಲರ ಹೆಸರೂ ಕರೆದರು. ಅವನೊಬ್ಬನೇ ಬಂದೆ ಸಾರ್ ಅಂದ."

ಕಾನೂನಿನ ಪ್ರಕಾರ ಯಾರಾದರೂ ಪ್ರಶ್ನೆ ಕೇಳಬೇಕಿತ್ತು. ಬಹಳ ಹೊತ್ತು ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ, ಎಲ್ಲರಿಗಿಂತ ಹೆಚ್ಚು ಕೀಟಲೆ ಮಾಡುತ್ತಿದ್ದವನೇ, ಮೆಲ್ಲಗೆ ಕೇಳಿದ: "ಅವನು ಯಾವ ಬೆಂಚಲ್ಲಿ ಕೂತ?"

ನೀಲಿ ಸ್ವೆಟರ್ ಹುಡುಗ ತಲೆ ಎತ್ತದೆ, "ಹಿಂದಿನದು. ಅಭ್ಯಾಸ ಅಲ್ವಾ" ಅಂದ.

ಪುಸ್ತಕಕ್ಕೆ ಸೇರಬೇಕಾದದ್ದು ಯಾವುದು ಎಂದು ಕೈ ಎತ್ತಿಸುವ ಅಗತ್ಯ ಬೀಳಲಿಲ್ಲ. ಆನೆಯನ್ನು ತಂದವನೇ "ಇದನ್ನೇ ಹಾಕಿ ಮಿಸ್" ಅಂದ. ಮುಂದಿನ ಶನಿವಾರ ಪುಸ್ತಕ ಭದ್ರಾವತಿಗೆ ಹೋಯಿತು. ಎರಡು ವಾರ ಅಲ್ಲಿಯೇ ಉಳಿಯಿತು. ಗೆಳತಿಯನ್ನು ಕೇಳಿದರೆ, "ಇನ್ನೂ ಜಗಳ ಆಡ್ತಿದ್ದಾರೆ ಕಣೇ, ಒಂದು ಸಾಲಿಗೆ" ಅಂದಳು. ಕೊನೆಗೆ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಸಾಲು: "ಮೇಷ್ಟ್ರು ಯಾರ ಹೆಸರನ್ನೂ ಹೊಡೆದು ಹಾಕಲಿಲ್ಲ, ದಿನಾ ಎಲ್ಲರ ಹೆಸರೂ ಕರೆಯುತ್ತಿದ್ದರು."

ಇದನ್ನು ಓದಿ ಆ ಹುಡುಗ ಬದಲಾಗಿಬಿಟ್ಟ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಅವನು ಗಟ್ಟಿಯಾಗಿ ಓದಲು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವನು ಬರೆದದ್ದನ್ನು ಓದಲು ತರಗತಿಯಲ್ಲಿ ಪೈಪೋಟಿ ಇದೆ. 'ಏ ಭದ್ರಾವತಿ' ಎಂಬ ಕೂಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಎರಡೂ ತರಗತಿ ಕೂಡ್ಲಿಯಲ್ಲಿ ಸೇರಿದವು. ಮನೆಯವರ ಒಪ್ಪಿಗೆ ಪತ್ರ, ಎರಡು ಬಸ್ಸು, ಜೊತೆಗೆ ನಾಲ್ಕೈದು ಜನ ತಾಯಂದಿರು. ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ಒಂದೇ ಬೆಟ್ಟಸಾಲಿನಲ್ಲಿ, ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆಯೂ ಭದ್ರೆಯೂ ಇಲ್ಲಿ ಕೂಡಿ ತುಂಗಭದ್ರೆ ಆಗುತ್ತವೆ. ಸಂಗಮೇಶ್ವರ, ರಾಮೇಶ್ವರ ದೇವಸ್ಥಾನಗಳು, ಹಳೆಯ ಮಠಗಳು, ಮೆಟ್ಟಿಲು, ಮರದ ನೆರಳು. ಮಕ್ಕಳು ಹೊಳೆಯ ನಡುವೆ ಒಂದು ಗೆರೆ ಕಾಣುತ್ತದೆ, ಆಚೆ ಒಂದು ಬಣ್ಣ ಈಚೆ ಒಂದು ಬಣ್ಣ ಎಂದು ಎಣಿಸಿದ್ದರು. ಗೆರೆ ಇರಲಿಲ್ಲ. ನಮ್ಮವನೊಬ್ಬ ಬಾಟಲಿಗೆ ನೀರು ತುಂಬಿಸಿ, ಇದು ತುಂಗೆಯೋ ಭದ್ರೆಯೋ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಆರು ತಿಂಗಳು ಕಾಗದದಲ್ಲಿ ಅಷ್ಟೊಂದು ಹರಟಿದವರು ಎದುರು ಸಿಕ್ಕಾಗ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಇವರು ಈ ಮರದ ಕೆಳಗೆ, ಅವರು ಆ ಮರದ ಕೆಳಗೆ. ನನಗೂ ಗೆಳತಿಗೂ ಮುಜುಗರ. ಕಾಪಾಡಿದ್ದು ಊಟದ ಡಬ್ಬಿ. ಚಿತ್ರಾನ್ನ, ಅವಲಕ್ಕಿ, ಅಕ್ಕಿ ರೊಟ್ಟಿ, ಇಡ್ಲಿಯ ಜೊತೆಗೆ ತಮಿಳರ ಮನೆಯ ಚಟ್ನಿಪುಡಿ. "ನಿಂದೇನಾ ಬಾಗಿಲ ಒಳಗೆ ಏನಿದೆ ಅಂತ ಬರೆದಿದ್ದು?" ಎಂಬಲ್ಲಿಂದ ಶುರುವಾದದ್ದು ಹತ್ತು ನಿಮಿಷಕ್ಕೆ ಸಂತೆಯಾಯಿತು.

ಅಜ್ಜನ ಮೊಮ್ಮಗಳು ಒಬ್ಬೊಬ್ಬರ ಹತ್ತಿರವೂ ಹೋಗಿ ಏನೋ ಕೇಳುತ್ತಾ ಬರುತ್ತಿದ್ದಳು. ನಮ್ಮವರು ಮೆಟ್ಟಿಲ ಕಡೆ ಕೈ ತೋರಿಸಿದರು. ಅಲ್ಲಿ ಅವನು ಒಬ್ಬನೇ ಕುಳಿತಿದ್ದ.

"ಹಾಜರಿ ಬರೆದವನು ನೀನೇನಾ?"

ತಲೆ ಆಡಿಸಿದ.

"ನೀನು ಸೈರನ್ ಕೇಳಿದ್ಯಲ್ಲ, ನಮ್ಮ ತಾತ ಹೇಳ್ತಾರೆ..." ಎಂದು ಅವಳು ಶುರು ಮಾಡಿದಳು. ಮುಂದಿನದು ತಮಿಳಿನಲ್ಲಿ ನಡೆಯಿತು, ನನಗೆ ಪೂರ್ತಿ ತಿಳಿಯಲಿಲ್ಲ. ಅವನು ಇಷ್ಟು ಮಾತಾಡಬಲ್ಲ ಎಂಬುದೇ ನಮ್ಮ ಮಕ್ಕಳಿಗೆ ಆಶ್ಚರ್ಯ. ಇಬ್ಬರು ಮೂವರು ಹತ್ತಿರ ಹೋಗಿ ಕುಳಿತು, ಅರ್ಥವಾಗದಿದ್ದರೂ ಕೇಳುತ್ತಿದ್ದರು. ನಡುನಡುವೆ ಅವನು ಕನ್ನಡಕ್ಕೆ ಬಿಡಿಸಿ ಹೇಳುತ್ತಿದ್ದ.

ಸಂಜೆ ಬಸ್ಸು ಹತ್ತುವಾಗ ಕಥೆ ಪುಸ್ತಕ ಭದ್ರಾವತಿಯವರ ಕೈಗೆ ಹೋಯಿತು, ಈಗ ಅವರ ಪಾಳಿ. ಮೂರು ವಾರವಾಯಿತು, ಇನ್ನೂ ವಾಪಸ್ ಬಂದಿಲ್ಲ. ಕಾರ್ಡು ಹಾಕಿದರೆ "ದೊಡ್ಡದು ಬರೀತಿದ್ದೀವಿ, ಕಾಯಿರಿ" ಎಂಬ ಉತ್ತರ. ಮೂವತ್ತೊಂದು ಜನರೂ ದಿನಾ ಕೇಳುತ್ತಾರೆ. ಬರುವ ಶನಿವಾರ ನಾನೇ ಹೋಗಿ ತರಬೇಕು.